ಮಾತ್ರೆ ಡಬ್ಬಿ

ಸೊಸೆ ವಾಶ್‌ಬೇಸಿನ್ನಿಗೆ ಬಗ್ಗಿ ವಾಂತಿ ಮಾಡುತ್ತಿದ್ದಾಗ ಹಿಂದಿನಿಂದ ನಾದಿನಿ ನಕ್ಕಳು. “ಇನ್ನೂ ಎಷ್ಟು ದಿನ ಮುಚ್ಚಿಡ್ತೀರಿ ಅತ್ತಿಗೆ? ಅಣ್ಣನಿಗೆ ಫೋನ್ ಮಾಡ್ಲಾ?”

ಸೊಸೆ ಬಾಯಿ ತೊಳೆದಳು. ಇದು ಬಸಿರಲ್ಲ. ಅಂಡಾಶಯದಲ್ಲಿ ನೀರುಗುಳ್ಳೆಗಳಿವೆ, ಮುಟ್ಟು ಸರಿಹೋದರೆ ಗರ್ಭ ನಿಲ್ಲಬಹುದು ಎಂದು ಡಾಕ್ಟರು ಸಕ್ಕರೆ ಕಾಯಿಲೆಯ ಮಾತ್ರೆಯನ್ನೇ ಬರೆದುಕೊಟ್ಟಿದ್ದರು. ಆಫೀಸ್ ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ನುಂಗುತ್ತಿದ್ದಳು. ಈಗ ಬಸಿರಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ.

ಅತ್ತೆ ಬಂದು ಮಗಳ ಕೈಯಿಂದ ಫೋನ್ ತೆಗೆದುಕೊಂಡರು. “ನನಗೂ ಹೀಗೇ ಆಗಿತ್ತು.”

“ನಾನು ಹೊಟ್ಟೇಲಿದ್ದಾಗಲಾ?”

“ನೀನು ಮಾಡಿದ ಅಡುಗೆ ತಿಂದಾಗ. ಹೋಗು, ಹಾಲು ಉಕ್ಕುತ್ತೆ ನೋಡು.”

ಅವಳು ಹೋದ ಮೇಲೆ ಅತ್ತೆ ತಮ್ಮ ಮಾತ್ರೆ ಡಬ್ಬಿ ತಂದು ಬೇಸಿನ್ನಿನ ಅಂಚಿನಲ್ಲಿಟ್ಟರು. “ಕಸದ ಬುಟ್ಟೀಲಿ ಸಕ್ಕರೆ ಮಾತ್ರೆದು ಖಾಲಿ ಸ್ಟ್ರಿಪ್ ನೋಡಿದೆ. ನಂದು ಇನ್ನೂ ಮುಗಿದಿರಲಿಲ್ಲ.”

“ನನಗೆ ಸಕ್ಕರೆ ಕಾಯಿಲೆ ಇಲ್ಲ ಅತ್ತೆ.”

“ಗೊತ್ತು. ಖಾಲಿ ಹೊಟ್ಟೇಲಿ ನುಂಗಬೇಡಮ್ಮ, ವಾಂತಿ ಬರುತ್ತೆ. ಊಟದ ಜೊತೆ ತಗೋ. ಇನ್ಮೇಲೆ ಇದರಲ್ಲೇ ಇಡು. ಎರಡೂ ಒಂದೇ ಮಾತ್ರೆ, ಯಾರೂ ಕೇಳಲ್ಲ.”

ಸೊಸೆ ಮುಚ್ಚಳ ತೆಗೆದಳು. ಡಬ್ಬಿಯ ಅರ್ಧ ಭಾಗವನ್ನು ಆಗಲೇ ಖಾಲಿ ಮಾಡಿ, ಒರೆಸಿ ಇಡಲಾಗಿತ್ತು.