ಇಪ್ಪತ್ತೈದು ನಿಮಿಷದ ಹಾಲು

ಬೆಳಗಾವಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಐನೂರು ಕಿಲೋಮೀಟರ್... ವಿಮಾನದಲ್ಲಿ ಒಂದು ಗಂಟೆ ಹತ್ತು ನಿಮಿಷ.

ತಿಂಗಳಿಗೆ ನಾಲ್ಕು ಸಲ ಓಡಾಡುವ ಸೀರೆ ವ್ಯಾಪಾರಿ ಮಹಾಂತೇಶ ಪಟ್ಟಣಶೆಟ್ಟಿಯವರಿಗೆ ಇದು ಬಾಯಿಪಾಠ.

ಅಂದು ಬೆಳಿಗ್ಗೆ ಎಂಟೂವರೆಯ ವಿಮಾನವನ್ನು ಅವರು ಎಲ್ಲರಿಗಿಂತ ಕೊನೆಗೆ ಹತ್ತಿದರು. ಸ್ಯಾಂಪಲ್ ಸೀರೆಗಳ ದೊಡ್ಡ ಬ್ಯಾಗ್ ಮೇಲಿನ ಗೂಡಿನಲ್ಲಿ ಹಿಡಿಸಲಿಲ್ಲ.

"ಕೊಡಿ ಸರ್, ಕೆಳಗೆ ಲಗೇಜ್‌ಗೆ ಹಾಕಿಸ್ತೀವಿ" ಎಂದಳು ವಿಮಾನದ ಹುಡುಗಿ.

"ಮಡಿಕಿ ಕೆಟ್ರ ನೀವ್ ಇಸ್ತ್ರಿ ಮಾಡಿ ಕೊಡ್ತೀರೇನು?"

ವಾದ ಇಪ್ಪತ್ತೈದು ನಿಮಿಷ ನಡೆಯಿತು... ಗೆದ್ದವರು ಅವರೇ. ಯಾರ ಯಾರದೋ ಬ್ಯಾಗ್ ಸರಿಸಿ ಜಾಗ ಮಾಡಿಕೊಟ್ಟರು.

ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ, ಶಿವಬಸವ್ವ. ಕಾಲಬಳಿ ಇದ್ದ ಥರ್ಮೋಕೋಲ್ ಡಬ್ಬಿಯನ್ನು ಬಾಗಿ ಬಾಗಿ ಮುಟ್ಟಿ ನೋಡುತ್ತಿದ್ದರು.

"ಬ್ಯಾಗಿಗೆ ಜಾಗಾ ಸಿಕ್ತಲ್ರೀ ಸಾವ್ಕಾರ್ರ?"

"ಸಿಕ್ತು."

"ಬೆಂಗಳೂರ ಮುಟ್ಟಾಕ ಇನ್ನ ಎಷ್ಟೊತ್ತ ಆಗತೈತ್ರಿ?"

ವಿಮಾನ ಹಾರಿದ ಮೇಲೂ ಐದು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ. ಮಹಾಂತೇಶರಿಗೆ ರೇಗಿತು.

"ಎಷ್ಟ್ ಸಲ ಕೇಳ್ತೀರಿ ಅಜ್ಜಿ? ಡಬ್ಬ್ಯಾಗ ಏನ್, ಕುಂದಾ ಮಿಠಾಯಿ ಐತೇನು? ಕೆಡಂಗಿಲ್ಲ ಬಿಡ್ರಿ."

"ಕುಂದಾ ಅಲ್ರೀ... ನನ್ನ ಮಗಳ ಎದಿಹಾಲು."



ಏಳು ತಿಂಗಳಿಗೇ ಹುಟ್ಟಿದ ಕೂಸು. ಹುಟ್ಟಿದ ದಿನವೇ ಬೆಂಗಳೂರಿನ ಆಸ್ಪತ್ರೆಗೆ ಸಾಗಿಸಿದ್ದರು. ಆಪರೇಷನ್ ಆದ ತಾಯಿ ಬೆಳಗಾವಿಯಲ್ಲೇ ಆಸ್ಪತ್ರೆಯ ಮಂಚದ ಮೇಲೆ...

"ಬ್ಯಾರೆ ಹಾಲು ಕೂಸಿಗೆ ಒಗ್ಗವಲ್ದು. ಐಸು ನಾಲ್ಕ ತಾಸು ತಡೀತೈತಿ ಅಂದಾರ. ಏಳಕ್ಕ ಆಸ್ಪತ್ರಿ ಬಿಟ್ಟೇನಿ."

ಅಷ್ಟರಲ್ಲಿ ಪೈಲಟ್ ದನಿ ಕೇಳಿಸಿತು. ತಡವಾಗಿ ಹೊರಟಿದ್ದರಿಂದ ಇಳಿಯುವ ಸರದಿ ತಪ್ಪಿದೆ... ಇನ್ನೂ ಅರ್ಧ ಗಂಟೆ ಮೇಲೆಯೇ ಸುತ್ತಬೇಕು.

ಮಹಾಂತೇಶರು ಗಡಿಯಾರ ನೋಡಿದರು. ಇಳಿದ ಮೇಲೆ ಆಸ್ಪತ್ರೆಗೆ ನಲವತ್ತು ಕಿಲೋಮೀಟರ್ ಟ್ರಾಫಿಕ್. ಹನ್ನೊಂದಕ್ಕೆ ಐಸಿನ ನಾಲ್ಕು ತಾಸು ಮುಗಿಯುತ್ತದೆ.

ಇಳಿದವರೇ ಅಜ್ಜಿಯನ್ನು ತಮಗಾಗಿ ಕಾದಿದ್ದ ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಧಾವಿಸಿದರು. ಸೀರೆಯ ಬ್ಯಾಗ್ ವಿಮಾನದಲ್ಲೇ ಉಳಿದಿತ್ತು. ಅದು ನೆನಪಾದದ್ದು ಸಂಜೆಗೆ.

ಆಸ್ಪತ್ರೆ ಮುಟ್ಟಿದಾಗ ಹನ್ನೆರಡು.

ನರ್ಸ್ ಡಬ್ಬಿ ತೆರೆದಳು. ಐಸ್ ನೀರಾಗಿತ್ತು. ನಾಲ್ಕು ಬಾಟಲಿಗಳನ್ನೂ ಒಂದೊಂದಾಗಿ ಪರೀಕ್ಷಿಸಿದಳು.

"ನಡುವಿನದು ಒಂದೇ ತಣ್ಣಗಿದೆ. ಇವು ಮೂರು ಕೊಡೋಕಾಗಲ್ಲಮ್ಮ."

ಮೂರು ಬಾಟಲಿ ಹಾಲು ಸಿಂಕಿನಲ್ಲಿ ಹರಿದುಹೋಯಿತು... ಇನ್ನೂ ಮಗುವಿನ ಮುಖ ನೋಡದ ತಾಯಿ, ನೋವಿನಲ್ಲೇ ಎದ್ದು ಕೂತು ಹಿಂಡಿ ಕಳಿಸಿದ ಹಾಲು.

ಮಹಾಂತೇಶರು ಅಜ್ಜಿಯ ಮುಂದೆ ಕೈ ಮುಗಿದು ನಿಂತರು. ಕಣ್ಣು ಮಂಜಾಯಿತು.

"ಯವ್ವಾ, ತಪ್ಪು ನಂದು. ನಾಡಿದ್ದ ನಾ ಬೆಳಗಾವಿಂದ ಮತ್ತ ಬರಾಂವ. ನೀವು ಮಗಳ ಹತ್ರ ಇರ್ರಿ, ಡಬ್ಬಿ ನಾ ತರ್ತೇನಿ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ತರ್ರಿ... ಆದ್ರ ಬ್ಯಾಗ್ ಮನ್ಯಾಗ ಬಿಟ್ಟು ಬರ್ರಿ."

ನಾವು ಹಟ ಹಿಡಿದು ಕಳೆಯುವ ನಿಮಿಷಗಳಲ್ಲಿ ಇನ್ನೊಬ್ಬರ ಪಾಲಿನ ನಿಮಿಷಗಳೂ ಇರುತ್ತವೆ.

ಇವತ್ತು ನೀವು ಕಾಯಿಸಿದವರ ಕೈಯಲ್ಲಿ ಏನಿತ್ತು... ಒಮ್ಮೆಯಾದರೂ ನೋಡಿದಿರಾ?