ಕಟ್ಟೆ ಇಲ್ಲದ ದಾರಿ

ಸೊರಡಿಯ ರಸ್ತೆಯಲ್ಲಿ ಬೀಗರಾದ ರೇವಪ್ಪನವರು ಕೈ ಅಡ್ಡ ಹಾಕಿದರು. ಶಿವಯೋಗೆಪ್ಪನವರು ಗಾಡಿ ನಿಲ್ಲಿಸಲಿಲ್ಲ. "ನಮಸ್ಕಾರ್ರಿ ಬೀಗರ, ಆರಾಮ ಅದೀರೇನ್ರಿ?" ಎಂದು ಕೂಗಿ, ಹಲ್ಲು ಕಿರಿದು, ಫಟಫಟಿಯ ಮೇಲೆ ಅವರ ಮುಂದಿನಿಂದಲೇ ಹಾದುಹೋದರು. ಮಗಳನ್ನು ಕೊಟ್ಟ ಮನೆಯ ಯಜಮಾನರು ದಾರಿಯಲ್ಲಿ ಸಿಕ್ಕರೆ ಗಾಡಿ ಇಳಿಯಬೇಕು, ಕೈ ಮುಗಿಯಬೇಕು, ಚಹಾಕ್ಕೆ ಕರೆಯಬೇಕು, ಒಲ್ಲೆ ಎಂದರೆ ಇನ್ನೊಮ್ಮೆ ಕರೆಯಬೇಕು. ಬೀಗರ ಮೈಮೇಲೆ ಧೂಳು ಹಾರಿಸಿ ಹೋದವರನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

ಪಾಪ, ಸೊಕ್ಕಿನಿಂದಲ್ಲ. ಎಂಟು ವರ್ಷದ ಹಿಂದೆ ಕೆಸರಿನಲ್ಲಿ ಜಾರಿಬಿದ್ದು ಎಡಗಾಲು ಮುರಿದುಕೊಂಡ ಮೇಲೆ ಶಿವಯೋಗೆಪ್ಪನವರು ಗಾಡಿಯನ್ನು ಮುಟ್ಟಿರಲಿಲ್ಲ. ದನದ ಕೊಟ್ಟಿಗೆಯಲ್ಲಿ ತಾಡಪತ್ರಿ ಹೊದ್ದು ಮಲಗಿದ್ದ ಅದನ್ನು ಹೋದ ತಿಂಗಳು ಎಬ್ಬಿಸಿ ರಿಪೇರಿ ಮಾಡಿಸಿದ್ದರು. ಓಡಿಸುವುದು ಮರೆತಿರಲಿಲ್ಲ; ಗೇರು, ಕ್ಲಚ್ಚು ಎಲ್ಲ ಕೈಕಾಲಿಗೆ ತಾವಾಗಿಯೇ ನೆನಪಾದವು. ಕಷ್ಟವೆಲ್ಲ ನಿಲ್ಲಿಸುವುದರಲ್ಲಿತ್ತು. ಎಡಗಾಲು ಊರಿದ ತಕ್ಷಣ ಮೊಣಕಾಲು ಮಡಚಿಕೊಂಡು, ಗಾಡಿ ಸಮೇತ ಅಂಗಳದಲ್ಲಿ ಅಡ್ಡಬೀಳುತ್ತಿದ್ದರು. ನಾಲ್ಕು ಸಲ ಬಿದ್ದ ಮೇಲೆ ಉಪಾಯ ಹೊಳೆಯಿತು: ಗಾಡಿಯನ್ನು ಮನೆಯ ಕಟ್ಟೆಯ ಪಕ್ಕಕ್ಕೆ ತಂದು, ಎಡಗಾಲನ್ನು ಕಟ್ಟೆಯ ಮೇಲಿಟ್ಟು ಇಳಿಯುವುದು. ಸನಮಡಿಯ ತಮ್ಮ ಮನೆಗೆ ಕಟ್ಟೆಯಿತ್ತು, ಸೊರಡಿಯ ಬೀಗರ ಮನೆಗೂ ಕಟ್ಟೆಯಿತ್ತು. ನಡುವೆ ನಿಲ್ಲುವ ಪ್ರಸಂಗವೇ ಬರದು ಎಂಬ ಧೈರ್ಯದಲ್ಲಿ ಅವರು ಹೊರಟಿದ್ದರು.

ಹೊರಟದ್ದು, ಮಗಳು ಶೈಲಾಳನ್ನು ನಾಗರಪಂಚಮಿಗೆ ತವರಿಗೆ ಕಳಿಸಿಕೊಡಿ ಎಂದು ಕೇಳಲು. ಹೋದ ವರ್ಷ ಫೋನಿನಲ್ಲಿ ಕೇಳಿದಾಗ ರೇವಪ್ಪನವರು "ನೋಡೂಣಂತ" ಎಂದು ಇಟ್ಟುಬಿಟ್ಟಿದ್ದರು. ಮಗಳು ಬರಲಿಲ್ಲ. ಹೆಂಡತಿ ಸಾವಿತ್ರೆವ್ವ ಶೇಂಗಾ ಉಂಡಿಯ ಡಬ್ಬಿ ಮುಂದಿಟ್ಟುಕೊಂಡು ಅತ್ತಿದ್ದಳು. ಈ ಸಲ ಎದುರಿಗೇ ಹೋಗಿ ಕೇಳಬೇಕೆಂದು ಗಾಡಿ ಹತ್ತಿದರೆ, ಹೀಗೆ ಮರ್ಯಾದೆ ತಪ್ಪಿತು. ಇನ್ನು ಬೀಗರು ಮಗಳನ್ನು ಕಳಿಸಿದ ಹಾಗೆಯೇ ಎಂದುಕೊಂಡರು.

ಮುಂದೆ ಬಯಲು ಸಿಕ್ಕಲ್ಲಿ ಗಾಡಿ ತಿರುಗಿಸಿಕೊಂಡು ಬಂದರು. ಜತ್ತದ ಸಂತೆಗೆ ಹೋಗುವ ಜೀಪಿಗಾಗಿ ಕಾಯುತ್ತಿದ್ದ ರೇವಪ್ಪನವರು ಇನ್ನೂ ಬಾಯಿ ತೆರೆದುಕೊಂಡೇ ನಿಂತಿದ್ದರು.

"ಚಹಾಕ್ಕ ಬರ್ರಿ ಬೀಗರ!" ಎಂದು ಕೂಗಿ ಶಿವಯೋಗೆಪ್ಪನವರು ಮತ್ತೆ ಹಾದುಹೋದರು.

"ಎಲ್ಲಿಗ್ರಿ? ನಿಂತು ಹೇಳ್ರಿ!"

ಉತ್ತರ ಕೊಡುವಷ್ಟರಲ್ಲಿ ಗಾಡಿ ಮಾರು ದೂರ ದಾಟಿತ್ತು. ಮೂರನೆಯ ಸುತ್ತಿಗೆ ಬರುವಾಗ ರೇವಪ್ಪನವರು ಪಂಚೆ ಎತ್ತಿ ಕಟ್ಟಿ ರಸ್ತೆಯ ನಡುವೆಯೇ ನಿಂತುಬಿಟ್ಟಿದ್ದರು.

"ಚ್ಯಾಷ್ಟಿ ಮಾಡಾಕತ್ತೀರೇನ್ರಿ? ನನಗ ಪ್ರದಕ್ಷಿಣಿ ಹಾಕಾಕ ನಾ ಏನ್ ದೇವರೇನು?"

"ನಿಲ್ಸಿದ್ರ ಬೀಳ್ತೀನ್ರಿ! ಕಾಲಿಡಾಕ ಕಟ್ಟಿ ಬೇಕ್ರಿ, ಕಟ್ಟಿ!"

ರೇವಪ್ಪನವರು ಆಚೀಚೆ ನೋಡಿದರು. ಎರಡೂ ಕಡೆ ಗೇಣುದ್ದದ ಸಜ್ಜೆ, ಬದುವಿನ ಮೇಲೆ ಜಾಲಿ ಮುಳ್ಳು. ಬೀಗರ ಎಡಗಾಲಿನ ಕಥೆ ನೆನಪಾಗಿ ಅವರ ಸಿಟ್ಟೆಲ್ಲ ಇಳಿಯಿತು. ರಸ್ತೆಯ ಅಂಚಿಗೆ ಸರಿದು, ಕಾಲು ಅಗಲಿಸಿ, ಗಟ್ಟಿಯಾಗಿ ನಿಂತರು.

"ಬರ್ರಿ. ಸಾವಕಾಶ ಬರ್ರಿ. ನನ್ನ ಹೆಗಲ ಹಿಡೀರಿ."

ಶಿವಯೋಗೆಪ್ಪನವರು ವೇಗ ಇಳಿಸುತ್ತ ಬಂದು, ಎಡಗೈ ಬಿಟ್ಟು, ಬೀಗರ ಹೆಗಲನ್ನು ಅಪ್ಪಿ ಹಿಡಿದರು. ಕ್ಲಚ್ಚು ತಪ್ಪಿದ ಗಾಡಿ ಎರಡು ಸಲ ಕುಪ್ಪಳಿಸಿ ಬಂದ್ ಆಯಿತು. ರೇವಪ್ಪನವರ ಟೋಪಿ ಸಜ್ಜೆಯೊಳಗೆ ಬಿತ್ತು, ರೇವಪ್ಪನವರು ಬೀಳಲಿಲ್ಲ.

ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಗೌರವದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಹೆಗಲು ಬಿಡದೆಯೇ ಶಿವಯೋಗೆಪ್ಪನವರು, "ಶೈಲಾನ್ನ ಪಂಚಮಿಗಿ ಕಳಸ್ರಿ. ಅವರವ್ವ ಭಾಳ ಹಾದಿ ನೋಡಾಕತ್ತಾಳ. ನಾನೂ ನೋಡಾಕತ್ತೀನಿ," ಎಂದರು.

"ಇಷ್ಟ ಕೇಳಾಕ ಈ ಕಾಲು ಕಟ್ಟಿಕೊಂಡು ಬಂದ್ರೇನು? ಫೋನ್ ಮಾಡಬೇಕಿಲ್ರಿ?"

"ಹೋದ ವರ್ಷ ಮಾಡಿದ್ನಲ್ರಿ."

ರೇವಪ್ಪನವರು ಗಾಡಿಯನ್ನು ತಾವು ಹಿಡಿದುಕೊಂಡು ಬೀಗರನ್ನು ಇಳಿಸಿದರು. ಶಿವಯೋಗೆಪ್ಪನವರು ಕುಂಟುತ್ತ ಹೋಗಿ ಟೋಪಿ ಹುಡುಕಿ, ಕೊಡವಿ, ಎರಡೂ ಕೈಯಿಂದ ಕೊಟ್ಟರು.

"ಪಂಚಮಿತನಕ ಯಾಕ ಕಾಯ್ತೀರಿ? ಇವತ್ತ ಕರಕೊಂಡು ಹೋಗ್ರಿ," ಎಂದರು ರೇವಪ್ಪನವರು. "ಆದ್ರ ನಮ್ಮ ಸೊಸೀನ್ನ ಎಸ್‌ಟಿ ಬಸ್ಸಿಗೆ ಕೂಡಸ್ತೀನಿ. ಗಾಡಿ ಮ್ಯಾಲೆ ನೀವೊಬ್ರ ಹೋಗ್ರಿ."

ಬೀಗರು ಸೊರಡಿಯ ಮನೆಗೆ ಹೊರಟಿರುವಾಗ ಜತ್ತದ ಸಂತೆ ಯಾತಕ್ಕೆ ಎಂದು ಅವರೂ ಹಿಂದೆ ಹತ್ತಿ ಕುಳಿತರು. ಗಾಡಿ ಚಾಲೂ ಆಗುವವರೆಗೆ ತಮ್ಮ ಎರಡೂ ಕಾಲನ್ನು ನೆಲಕ್ಕೆ ಊರಿ ಹಿಡಿದರು. ಗಾಡಿ ಹೊರಟಿತು. ಮಗಳು ಬರುತ್ತಾಳೆಂಬ ಖುಷಿಗೆ ಶಿವಯೋಗೆಪ್ಪನವರು ಕಾರಣವಿಲ್ಲದೆ ಎರಡು ಸಲ ಹಾರ್ನ್ ಬಾರಿಸಿದರು.

ಸ್ವಲ್ಪ ದೂರ ಹೋದ ಮೇಲೆ ರೇವಪ್ಪನವರು ಮುಂದಕ್ಕೆ ಬಾಗಿ ಕಿವಿಯ ಹತ್ತಿರ ಹೇಳಿದರು:

"ಬೀಗರ, ನನ್ನ ಮಗಳು ದೀಪಾಲೀನ್ನ ಮಂಗಳವೇಢಾಕ ಕೊಟ್ಟು ಮೂರು ಪಂಚಮಿ ಆದೂವು. ಅವರ ಮನಿಯವರು ಒಮ್ಮೆನೂ ಕಳಿಸಿಲ್ಲ. ಈ ಗಾಡಿ ಕಲಿಯಾಕ ಎಷ್ಟು ದಿನ ಹಿಡೀತೈತ್ರಿ?"