ಸಿದ್ದುವಿನ ಸರದಿ

ತನ್ನ ಡೈರಿಯನ್ನು ಯಾರೋ ಓದುತ್ತಿದ್ದಾರೆ. ಹಾಗಂತ ರಂಜಿನಿ ತನಗೆ ತಾನೇ ಒಪ್ಪಿಕೊಂಡದ್ದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜುತ್ತಾ. ಡೈರಿಯಲ್ಲಿ ಬರೆದುಕೊಳ್ಳುವಂತಿರಲಿಲ್ಲ. ಬರೆದರೆ ಅದನ್ನೂ ಓದುತ್ತಾರಲ್ಲ.

ಓದಬಾರದ್ದು ಅದರಲ್ಲಿ ಇದ್ದದ್ದು ಒಂದೇ, ಮೊದಲನೇ ಹಾಳೆ. ಮೂರು ವರ್ಷದ ಹಿಂದೆ, ಅಣ್ಣ ಸಿದ್ದು ಸತ್ತ ಮೂರನೇ ದಿನ ಬರೆದದ್ದು. ಆಮೇಲೆ ಅವಳೇ ಅದನ್ನು ತಿರುವಿ ನೋಡಿರಲಿಲ್ಲ.

ಅವನು ಸತ್ತ ದಿನ ಮಧ್ಯಾಹ್ನ ಅವ್ವ ಮರಿತಾಯಮ್ಮ, ಹುಲ್ಲಹಳ್ಳಿ ಕಡೆ ಹೋದರೆ ವೀಳ್ಯದೆಲೆ ತಾ ಮಗ ಅಂದಿದ್ದಳು. ಸಿದ್ದು ಬೈಕು ಹತ್ತಿದ. ನಾಲೆ ಏರಿಯ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಾಯಿತು. ಅವ್ವ ಅಡಕತ್ತರಿಯನ್ನು ಅಟ್ಟಕ್ಕೆ ಎಸೆದಳು. ಅಂದಿನಿಂದ ಬಾಯಿಗೆ ಎಲೆ ಇಟ್ಟವಳಲ್ಲ.

ಆದರೆ ಸಿದ್ದು ಎಲೆಗೆ ಹೊರಟಿರಲಿಲ್ಲ. ಆಗ ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಏರಿ ಮೇಲೆ ಹೋಗಿ ಕಬಡ್ಡಿ ಗುಂಪಿನಲ್ಲಿ ನನ್ನ ರೈಡರ್ ಹೆಸರೂ ಹಾಕಿ ಬಾ ಎಂದು, ಮಲಗಿದ್ದವನನ್ನು ಎಬ್ಬಿಸಿ ಕಳಿಸಿದವಳು ರಂಜಿನಿ. ಮೊದಲನೇ ಹಾಳೆಯಲ್ಲಿ ಇದ್ದದ್ದು ಅಷ್ಟೇ.

ಅದು ಆಟದೊಳಗಿನ ಆಟ. ಟಿ. ನರಸೀಪುರದ ಕಬಡ್ಡಿ ಟೂರ್ನಿಗೆ ಮೊದಲು ಏಳು ಜನ ವಾಟ್ಸಾಪ್ ಗುಂಪಿನಲ್ಲಿ ಸರದಿಯಂತೆ ಒಬ್ಬೊಬ್ಬ ರೈಡರ್‌ನ ಹೆಸರು ಹಾಕಬೇಕು. ಒಬ್ಬರು ಹಾಕಿದ ಹೆಸರನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅವನು ತಂದ ಪಾಯಿಂಟೆಲ್ಲ ಹೆಸರು ಹಾಕಿದವರದು. ಸೋತವರು ಎಲ್ಲರಿಗೂ ಬೋಂಡ ಕೊಡಿಸಬೇಕು. ಮೂರನೇ ಸರದಿ ಸಿದ್ದುವಿನದು, ನಾಲ್ಕನೆಯದು ರಂಜಿನಿಯದು.

ಸಿದ್ದು ಹೋದ ಮೇಲೂ ಅವನ ಸರದಿಯನ್ನು ಯಾರೂ ತೆಗೆಯಲಿಲ್ಲ. ಅದು ಬಂದಾಗ ಐದು ನಿಮಿಷ ಗುಂಪು ಸುಮ್ಮನಿರುತ್ತಿತ್ತು. ಮೊದಲ ವರ್ಷ ಹಾಗೇ ಕಳೆಯಿತು. ಹೋದ ವರ್ಷ ನಾಲ್ಕನೇ ನಿಮಿಷಕ್ಕೆ ಸಿದ್ದುವಿನ ನಂಬರಿನಿಂದ ಒಂದು ಹೆಸರು ಬಂತು. ರಂಜಿನಿ ಬೆಳಿಗ್ಗೆ ಡೈರಿಯಲ್ಲಿ ಬರೆದಿಟ್ಟಿದ್ದ ಹೆಸರೇ. ಯಾರೂ ಚಕಾರ ಎತ್ತಲಿಲ್ಲ. ಕಾಕತಾಳೀಯ ಎಂದು ಅವಳು ಒಂದು ವರ್ಷ ತನಗೆ ತಾನೇ ಹೇಳಿಕೊಂಡಳು.

ಅಣ್ಣನ ಫೋನು ಮನೆಯಲ್ಲೇ ಇತ್ತು, ಬಾಬಾಸಾಹೇಬರ ಫೋಟೊದ ಕೆಳಗೆ, ಗಾಜು ಸೀಳಿದ್ದರೂ ಜೀವ ಹಿಡಿದುಕೊಂಡು. ದಿನಾ ಸಂಜೆ ದೀಪ ಹಚ್ಚಿ ಅವ್ವ ಅದನ್ನು ಚಾರ್ಜಿಗೆ ಹಾಕುತ್ತಿದ್ದಳು. ಅವಳಿಗೆ ಅದೂ ಒಂದು ದೀಪ. ಬಸ್ಸಿನ ಬೋರ್ಡನ್ನೂ ಮಗಳ ಕೈಲಿ ಓದಿಸುವವಳು ಅವ್ವ. ಸ್ತ್ರೀಶಕ್ತಿ ಸಂಘದಿಂದ ಬಂದರೆ ಹೆಬ್ಬೆಟ್ಟಿನ ಮಸಿಯನ್ನು ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕುತ್ತಾ ಕೂರುವವಳು. ಈಚೆಗೆ ತಿಕ್ಕುವುದನ್ನೂ ಬಿಟ್ಟಿದ್ದಳು. ಅದಕ್ಕೂ ಬೇಸರವೇನೋ ಎಂದುಕೊಂಡಿದ್ದಳು ರಂಜಿನಿ.

ಆ ಫೋನಿಗೆ ರೀಚಾರ್ಜ್ ಮಾಡಿಸುವವನು ಪಕ್ಕದ ಮನೆಯ ಚಿಕ್ಕಪ್ಪನ ಮಗ ಪ್ರೇಮ್‌ಕುಮಾರ್. ಕೂಗದೆ ಕರೆಯದೆ ಸೀದಾ ಅಡುಗೆಮನೆಗೇ ಬರುವಷ್ಟು ಸಲಿಗೆ. ಅವನೇ ಇರಬೇಕು, ಸಿದ್ದುವಿನ ವಾಟ್ಸಾಪನ್ನು ತನ್ನ ಫೋನಿಗೂ ಜೋಡಿಸಿಕೊಂಡು. ಮೊದಲನೇ ಹಾಳೆಯನ್ನೂ ಓದಿದ್ದರೆ ಇವತ್ತಲ್ಲ ನಾಳೆ ಅವ್ವನ ಕಿವಿಗೆ ಬೀಳುತ್ತದೆ.

ಅವಳು ಒಂದು ಬಲೆ ಹಾಕಿದಳು.

ಈ ಸಲ ಅವಳ ತಲೆಯಲ್ಲಿದ್ದವರು ಇಬ್ಬರು. ಸೋಮನಾಥಪುರದ ನಂಜುಂಡೇಶ್ ಮುಟ್ಟಿ ವಾಪಸಾದ ಮೇಲೇ ಮುಟ್ಟಿಸಿಕೊಂಡವನಿಗೆ ತಿಳಿಯುವುದು. ಕಳಲೆಯ ಮಹಾದೇವಸ್ವಾಮಿಗೆ ವಯಸ್ಸಾಗಿದೆ. ಮಂಡಿಗೆ ಪಟ್ಟಿ ಸುತ್ತಿಕೊಂಡು ಇಳಿಯುತ್ತಾನೆ, ಹೋದ ಟೂರ್ನಿಯಲ್ಲಿ ತಂದದ್ದು ಎರಡೇ ಪಾಯಿಂಟು. ಕಬಡ್ಡಿ ಬಲ್ಲವರು ಯಾರೂ ಅವನನ್ನು ಹಾಕುವುದಿಲ್ಲ. ಸಿದ್ದು ಒಬ್ಬ ಹಾಕುತ್ತಿದ್ದ, ಪಾಪ ಕಣೇ ಅಂತ.

ಡೈರಿಯಲ್ಲಿ ಬರೆದಳು: ‘ಮಹಾದೇವಸ್ವಾಮಿ. ಖಂಡಿತ.’ ಎಂದಿನಂತೆ ಹಾಸಿಗೆ ಮಡಿಕೆಯ ನಡುವೆ ತೂರಿಸಿದಳು. ನಂಜುಂಡೇಶನನ್ನು ಮನಸ್ಸಿನಲ್ಲೇ ಇಟ್ಟುಕೊಂಡಳು.

ಸಂಜೆ ನಾಲ್ಕಕ್ಕೆ, ಹೆಸರು ಹಾಕುವ ಹೊತ್ತಿಗೆ, ಪ್ರೇಮ್‌ಕುಮಾರನ ಹಜಾರದಲ್ಲಿ ಅವನ ಎದುರಿಗೇ ಹೋಗಿ ಕೂತಳು. ಕರೆದರೂ ಬಾರದವಳು ತಾನಾಗಿ ಬಂದಳಲ್ಲ, ಇವತ್ತು ಮಳೆ ಗ್ಯಾರಂಟಿ ಎಂದು ಅವನು ನಕ್ಕ. ಮೊದಲೆರಡು ಹೆಸರು ಬಂದವು, ಬೇರೆಯವು. ಮೂರನೇ ಸರದಿ ಬಂತು. ಪ್ರೇಮ್‌ಕುಮಾರ್ ತನ್ನ ಫೋನನ್ನು ಬೆಂಚಿನ ಮೇಲಿಟ್ಟು ಕೈ ಕಟ್ಟಿಕೊಂಡ. ರಂಜಿನಿ ಆ ಕೈಗಳನ್ನೇ ನೋಡುತ್ತಿದ್ದಳು. ಒಂದು ನಿಮಿಷ. ಎರಡು. ಮೂರು.

ನಾಲ್ಕನೆಯದಕ್ಕೆ ಫೋನು ಗುರ್ರೆಂದಿತು. ಕಟ್ಟಿದ ಕೈ ಕಟ್ಟಿದಂತೇ ಇತ್ತು.

ಸಿದ್ದು: ಮಹಾದೇವಸ್ವಾಮಿ.

ಪ್ರೇಮ್‌ಕುಮಾರ್ ಹೆಸರನ್ನು ನೋಡಿದ, ಅವಳನ್ನು ನೋಡಿದ. ಅವನ ದನಿ ಇಳಿಯಿತು.

“ನೀನೇ ಹಾಕ್ತಿದ್ದೀಯ ಅಂದ್ಕಂಡಿದ್ವಿ ಕಣವ್ವ ನಾವೆಲ್ಲ. ಕೇಳಿದ್ರೆ ನೊಂದ್ಕತೀಯ ಅಂತ ಯಾರೂ ಕೇಳ್ಲಿಲ್ಲ. ನೀನ್ ಇಲ್ಲೇ ಕೂತಿದ್ದೀಯ. ಮತ್ತೆ ಅಲ್ಲಿ ಯಾರು?”

ಅವಳು ಆಗಲೇ ಎದ್ದಿದ್ದಳು. ಎರಡು ಮನೆಗಳ ನಡುವೆ ಇದ್ದದ್ದು ಹತ್ತು ಹೆಜ್ಜೆ. ಪಾಪ ಕಣೇ ಎಂಬ ದನಿ ಹತ್ತು ಹೆಜ್ಜೆಯೂ ಜೊತೆಗೇ ಬಂತು.

ಬಾಗಿಲು ತೆರೆದೇ ಇತ್ತು. ಫೋಟೊದ ಕೆಳಗೆ ಅವ್ವ ಕಾಲು ಚಾಚಿ ಕೂತಿದ್ದಳು. ಒಂದು ಕೈಯಲ್ಲಿ ಸೀಳಿದ ಗಾಜಿನ ಫೋನು. ತೊಡೆಯ ಮೇಲೆ ಡೈರಿ. ‘ಖಂಡಿತ’ದ ಕೆಳಗೆ ಇನ್ನೂ ಬೆರಳು ಇತ್ತು.

ಅವ್ವ ಬೆಚ್ಚಿದಳು. ಆದರೆ ಮುಚ್ಚಿಡಲಿಲ್ಲ.

“ಅವ್ನ್ ಸರದಿ ಕಾಲಿ ಓಗಬಾರ್ದಲ್ಲ ಮಗ. ನಂಗೆ ಆಟ ಏನ್ ಗೊತ್ತು? ನೀನ್ ಬರ್ದಿರಾದ್ನ ನೋಡ್ಕಂಡು ಒಂದೊಂದೇ ಅಕ್ಸರ ಒತ್ತೀನಿ. ವಸಿ ತಡ ಆಯ್ತದೆ.”

ರಂಜಿನಿ ಅವ್ವನ ಪಕ್ಕ ಕೂತಳು. ಓದುವುದು ಯಾವಾಗ ಕಲಿತೆ ಎಂದು ಕೇಳಿದಳು.

“ಸಂಗದ ಮೇಡಮ್ಮು ಅಕ್ಸರ ತಿದ್ಸುದ್ರು. ಕೂಡ್ಸಿ ಓದಾದ್ನ ಇದ್ರಲ್ಲೇ ಕಲ್ತಿದ್ದು.” ಅವ್ವ ಡೈರಿಯ ಅಂಚನ್ನು ಸೆರಗಿನಲ್ಲಿ ಒರೆಸಿದಳು. “ಎಲ್ಡ್ ವರ್ಸ ಆಯ್ತು. ಮೊದಲ್ನೇ ಆಳೆಯಿಂದ.”

ಎರಡು ವರ್ಷದಿಂದ ಅವ್ವನಿಗೆ ಗೊತ್ತು. ರಂಜಿನಿ ಕತ್ತೆತ್ತಿ ಅಟ್ಟ ನೋಡಿದಳು. ಅಡಕತ್ತರಿ ತುಕ್ಕು ಹಿಡಿಯುತ್ತಾ ಅಲ್ಲೇ ಬಿದ್ದಿತ್ತು. ಮೊನ್ನೆ ಹಬ್ಬದಲ್ಲೂ ಎದುರುಮನೆ ಜವರಮ್ಮ ಎಲೆ ಮಡಿಚಿ ಕೊಟ್ಟಾಗ ಅವ್ವ ಕೈ ಅಡ್ಡ ಹಿಡಿದಿದ್ದಳು, ಮಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ್ದಳು: ಬ್ಯಾಡ ಕಣಕ್ಕ, ನಾನ್ ಎಲೆ ಕೇಳಿದ್ಕೇ ಅಲ್ವಾ ಅವತ್ತು ಅವ್ನ್ ಒಂಟಿದ್ದು.

“ಅವ್ವ,” ಅಂದಳು ರಂಜಿನಿ, “ಅಣ್ಣ ಎಲೆಗೆ ಹೋಗಿರ್ಲಿಲ್ಲ. ನಾನ್ ಕಳ್ಸಿದ್ದೆ.”